ಲಗ್ನಪತ್ರಿಕೆ ಚೀಟಿಗಳು ಮತ್ತು ಕಿನ್ಸಿ ಮಿಲ್‌ಹೋನ್

ಅಮೆರಿಕದ ಲೇಖಕಿ ಸೂ ಗ್ರಾಫ್ಟನ್ ಬರೆದ ಪತ್ತೇದಾರಿ ಕಾದಂಬರಿ ಸರಣಿಯ ನಾಯಕಿ ಕಿನ್ಸಿ ಮಿಲ್‌ಹೋನ್. ನಾನು ಆ ಸರಣಿಯನ್ನು ನಡುವಿನಿಂದ ಓದಲು ಶುರು ಮಾಡಿದೆ. ಅದು ತಪ್ಪಾಯಿತು. ಮೈಸೂರಿನ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಅರವತ್ತು ರೂಪಾಯಿಗೆ 'ಜಿ ಈಸ್ ಫಾರ್ ಗಮ್‌ಶೂ' ಸಿಕ್ಕಿತು, ಪತ್ತೇದಾರಿ ಮಾಡೋದು ಒಬ್ಬ ಹೆಂಗಸು ಅಂತ ಹಿಂದಿನ ರಟ್ಟಿನ ಮೇಲೆ ಇತ್ತು, ತಗೊಂಡು ಬಂದೆ. ಮನೇಲಿ ಅಪ್ಪ ಓದುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಕದ್ದು ಓದಿ ಬೆಳೆದವಳು ನಾನು. ಹೆಂಗಸು ಪತ್ತೇದಾರಿ ಅಂದ ಕೂಡಲೇ ಕುತೂಹಲ ಆಯಿತು.

ಆ ಪುಸ್ತಕದ ಶುರುವಿನಲ್ಲೇ ಕಿನ್ಸಿಗೆ ಮೂವತ್ಮೂರು ತುಂಬುತ್ತದೆ. ಹೊಸದಾಗಿ ಕಟ್ಟಿಸಿದ ಪುಟ್ಟ ಮನೆಗೆ ಕಾಲಿಟ್ಟು, ಪ್ರತಿ ಮೂಲೆ ನೋಡಿ ಖುಷಿಪಡುತ್ತಾಳೆ. ನನಗೆ ಅರ್ಥವಾಗಲಿಲ್ಲ. ಇಷ್ಟು ಚಿಕ್ಕ ಮನೆಗೆ ಇಷ್ಟು ಸಂಭ್ರಮ ಯಾಕೆ? ಹಳೇ ಮನೆಗೆ ಏನಾಗಿತ್ತು ಅನ್ನೋದು ಐದನೇ ಪುಸ್ತಕದಲ್ಲಿದೆ, 'ಇ ಈಸ್ ಫಾರ್ ಎವಿಡೆನ್ಸ್'ನಲ್ಲಿ. ಆಮೇಲೆ ಅದನ್ನು ಓದಿದಾಗ ಎದೆ ಹೊಡೆದುಕೊಳ್ಳಬೇಕಾದ ಜಾಗದಲ್ಲಿ ನನಗೇನೂ ಆಗಲಿಲ್ಲ, ಮೊದಲೇ ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಅದೇನು ಅಂತ ಇಲ್ಲಿ ಬರೆಯೋದಿಲ್ಲ.

ಓದುವ ಕ್ರಮ ಹುಡುಕುವ ಕಷ್ಟ ಇಲ್ಲ, ಹೆಸರಲ್ಲೇ ಇದೆ. ಸೂ ಗ್ರಾಫ್ಟನ್ 1982ರಲ್ಲಿ 'ಎ ಈಸ್ ಫಾರ್ ಅಲಿಬಿ' ಬರೆದರು, ಒಂದೊಂದೇ ಅಕ್ಷರ ಹಿಡಿದು 2017ರಲ್ಲಿ 'ವೈ'ವರೆಗೆ ಬಂದರು. ಒಟ್ಟು 25 ಪುಸ್ತಕ. ಕೊಲೆಯ ಕಥೆ ಒಂದೊಂದರಲ್ಲೂ ಮುಗಿಯುತ್ತದೆ, ಹಾಗಾಗಿ ಯಾವುದನ್ನು ಬೇಕಾದರೂ ಓದಬಹುದು ಅಂತ ಹೇಳುವವರಿದ್ದಾರೆ. ನಾನು ಒಪ್ಪೋದಿಲ್ಲ. ಮುಗಿಯದೇ ಇರೋದು ಕಿನ್ಸಿಯ ಬದುಕು. ಐದು ವರ್ಷದವಳಿದ್ದಾಗ ಕಾರು ಅಪಘಾತದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು, ಜಿನ್ ಚಿಕ್ಕಮ್ಮ ಸಾಕಿದರು, ಬೇರೆ ಯಾರೂ ಇಲ್ಲ ಅಂದುಕೊಂಡೇ ಬೆಳೆದಳು. ಹತ್ತನೇ ಪುಸ್ತಕದಲ್ಲಿ ಗೊತ್ತಾಗುತ್ತದೆ, ಒಂದು ಗಂಟೆ ದಾರಿಯ ಲಂಪೋಕ್ ಊರಲ್ಲಿ ಅವಳ ತಾಯಿ ಕಡೆಯವರೆಲ್ಲ ಇದ್ದಾರೆ ಅಂತ. ಒಂಬತ್ತು ಪುಸ್ತಕ ಅವಳ ಒಂಟಿತನದ ಜೊತೆ ಇದ್ದು ಈ ಪುಟಕ್ಕೆ ಬಂದರೆ ಮಾತ್ರ ಅವಳಿಗೆ ಯಾಕೆ ಅಷ್ಟು ಸಿಟ್ಟು ಬರುತ್ತದೆ ಅನ್ನೋದು ತಿಳಿಯುತ್ತದೆ.

ನಾನು ಓದಿದ ರೀತಿ ಹೇಳ್ತೀನಿ. ಕಿನ್ಸಿ ಗೊತ್ತಾದ ಪ್ರತಿ ಸಂಗತಿಯನ್ನೂ ಪುಟ್ಟ ಕಾರ್ಡುಗಳ ಮೇಲೆ ಬರೆದು, ಗೋಡೆಯ ಬೋರ್ಡಿಗೆ ಚುಚ್ಚಿ, ಹಿಂದೆ ಮುಂದೆ ಮಾಡಿ ನೋಡುತ್ತಾಳೆ. ನನ್ನ ಇಂಗ್ಲಿಷ್ ಓದು ನಿಧಾನ, ಹೆಸರುಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ನಾನೂ ಕಾರ್ಡು ಮಾಡಿಕೊಂಡೆ. ಮನೆಗೆ ಬಂದ ಲಗ್ನಪತ್ರಿಕೆಗಳ ಖಾಲಿ ಬದಿ ಇರುತ್ತದಲ್ವಾ, ಅದನ್ನು ನಾಲ್ಕಾಗಿ ಕತ್ತರಿಸಿದರೆ ಒಳ್ಳೇ ದಪ್ಪ ಚೀಟಿ ಆಗುತ್ತದೆ. ಒಬ್ಬರಿಗೆ ಒಂದು ಚೀಟಿ. ಶುರುವಿನಲ್ಲಿ ಸುಮ್ನೆ "ಇವನು ಗಂಡನ ಪಾಲುದಾರ, ಅವತ್ತು ಊರಲ್ಲಿರಲಿಲ್ಲ" ಅಂತ ಬರೆಯುತ್ತಿದ್ದೆ. ಹಾಗೆ ಬರೆದರೆ ಪ್ರಯೋಜನ ಇಲ್ಲ. ಊರಲ್ಲಿರಲಿಲ್ಲ ಅಂತ ಹೇಳಿದ್ದು ಯಾರು? ಅವನೇ ಹೇಳಿದ್ದಾ, ಬೇರೆಯವರಾ? ಮೂರನೇ ಪುಸ್ತಕದಿಂದ "ಅವತ್ತು ಊರಲ್ಲಿರಲಿಲ್ಲ ಅಂತ ಇವನೇ ಹೇಳಿದ" ಅಂತ ಬರೆಯಲು ಶುರು ಮಾಡಿದೆ. ಆಗಿನಿಂದ ಓದುವ ರುಚಿಯೇ ಬೇರೆ ಆಯಿತು. ಅರ್ಧ ಪುಸ್ತಕ ಆದಾಗ ಒಂದು ದಿನ ಓದು ನಿಲ್ಲಿಸಿ, ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿ, ಒಬ್ಬರ ಬಾಯಲ್ಲಿ ಮಾತ್ರ ಬಂದ ಮಾತುಗಳನ್ನು ಒಂದು ಕಡೆ ಇಡುತ್ತಿದ್ದೆ. ಕೊಲೆಗಾರರು ಸಾಮಾನ್ಯವಾಗಿ ಆ ಗುಂಪಿನಲ್ಲೇ ಇರುತ್ತಾರೆ. ಆದರೂ 25ರಲ್ಲಿ ನಾನು ಸರಿಯಾಗಿ ಹೇಳಿದ್ದು ಆರು.

ನನ್ನ ಕೆಲಸವೂ ಇದಕ್ಕೆ ಹತ್ತಿರದ್ದೇ. ವಾಹನ ವಿಮೆಯ ಕ್ಲೇಮ್ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಎಫ್‌ಐಆರ್ ಪ್ರತಿ, ಆರ್‌ಸಿ, ಗ್ಯಾರೇಜಿನ ಎಸ್ಟಿಮೇಟ್, ಸರ್ವೇಯರ್ ವರದಿ, ಇವುಗಳನ್ನು ಒಂದರ ಪಕ್ಕ ಒಂದಿಟ್ಟು ತಾರೀಖು ನೋಡೋದೇ ದಿನವಿಡೀ. ಅಪಘಾತಕ್ಕಿಂತ ಎರಡು ದಿನ ಮೊದಲಿನ ಎಸ್ಟಿಮೇಟ್ ಕಣ್ಣಿಗೆ ಬಿದ್ದರೆ ಫೈಲು ಅಲ್ಲೇ ನಿಲ್ಲುತ್ತದೆ. ಕಿನ್ಸಿ ಕೂಡ ಮೊದಲ ಪುಸ್ತಕಗಳಲ್ಲಿ ಕ್ಯಾಲಿಫೋರ್ನಿಯಾ ಫಿಡೆಲಿಟಿ ಅನ್ನೋ ವಿಮಾ ಕಂಪನಿಗೆ ಕ್ಲೇಮ್ ತನಿಖೆ ಮಾಡಿಕೊಡುತ್ತಾಳೆ, ಬದಲಿಗೆ ಅವರ ಆಫೀಸಿನಲ್ಲೇ ಅವಳಿಗೆ ಜಾಗ. 'ಇ'ಯಲ್ಲಿ ಗೋದಾಮು ಸುಟ್ಟ ಕ್ಲೇಮ್ ನೋಡಲು ಹೋಗುತ್ತಾಳೆ. ಅದೇ ಹೊತ್ತಿಗೆ ಅವಳ ಬ್ಯಾಂಕ್ ಖಾತೆಗೆ ಎಲ್ಲಿಂದಲೋ 5,000 ಡಾಲರ್ ಬಂದು ಬೀಳುತ್ತದೆ. ಲಂಚ ತಿಂದಳು ಅನ್ನೋ ಅನುಮಾನ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನಂಥ ಕೆಲಸ ಮಾಡುವವರಿಗೆ ಚಾಕು, ಪಿಸ್ತೂಲಿಗಿಂತ ಜಾಸ್ತಿ ಭಯ ಅದು. ಹತ್ತಾರು ವರ್ಷ ಕಾಪಾಡಿಕೊಂಡ ಹೆಸರು ಒಂದು ಪಾಸ್‌ಬುಕ್ ಸಾಲಿನಲ್ಲಿ ಹೋಗುತ್ತದೆ.

ಕಥೆ ನಡೆಯುವ ಸಾಂತಾ ತೆರೇಸಾ ಕಲ್ಪನೆಯ ಊರು, ಅದರ ಹಿಂದಿರೋದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ. ಲೇಖಕಿ ಬರೆಯಲು 35 ವರ್ಷ ತೆಗೆದುಕೊಂಡರೂ ಕಥೆಯೊಳಗೆ 1982ರಿಂದ 1989ರವರೆಗೆ ಮಾತ್ರ ಕಾಲ ಸಾಗುತ್ತದೆ. ಹಾಗಾಗಿ ಯಾರ ಕೈಯಲ್ಲೂ ಮೊಬೈಲ್ ಇಲ್ಲ. ಕಿನ್ಸಿ ತನ್ನ ಫೋಕ್ಸ್‌ವ್ಯಾಗನ್ ಬೀಟಲ್ ಹತ್ತಿ ದಾಖಲೆ ಕಚೇರಿಗೆ ಹೋಗುತ್ತಾಳೆ, ಟೆಲಿಫೋನ್ ಪುಸ್ತಕ ತಿರುವುತ್ತಾಳೆ. ಹೆಸರಿನ ಬದಲು ಬೀದಿಯ ಪ್ರಕಾರ ಜೋಡಿಸಿದ ಪುಸ್ತಕವೂ ಅಲ್ಲಿ ಇರುತ್ತಿತ್ತು, ಅದರಲ್ಲಿ ಅಕ್ಕಪಕ್ಕದ ಮನೆಯವರ ನಂಬರು ಸಿಗುತ್ತದೆ. ಇಂಥ ಪುಟಗಳನ್ನು ಹಾರಿಸಬೇಡಿ. ಕೆಲಸ ನಡೆಯೋದೇ ಅಲ್ಲಿ.

'ಎ'ಯಲ್ಲಿ ಒಂದು ಕಡೆ ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿದ್ದೆ. ಸತ್ತವನು ವಕೀಲ. ಅವನ ಹೆಂಡತಿ ಎಂಟು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದು, ನಿಜವಾಗಿ ಕೊಂದದ್ದು ಯಾರು ಅಂತ ಪತ್ತೆ ಮಾಡು ಅನ್ನುತ್ತಾಳೆ. ವಿಷ ಯಾವುದು ಅಂದರೆ ಓಲಿಯಾಂಡರ್. ನಿಘಂಟು ತೆಗೆದೆ: ಕಣಗಿಲೆ! ಅಮ್ಮ ದಿನಾ ಬೆಳಿಗ್ಗೆ ದೇವರಿಗೆ ಕೊಯ್ಯುವ ಹೂವು, ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವ ಗಿಡ. ದನ ಅದಕ್ಕೆ ಬಾಯಿ ಹಾಕದಂತೆ ನೋಡಿಕೋ ಅಂತ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಗ್ರಾಫ್ಟನ್ ತಮ್ಮ ವಿಚ್ಛೇದನದ ಜಗಳದ ದಿನಗಳಲ್ಲಿ ರಾತ್ರಿ ಮಲಗಿ ಗಂಡನನ್ನು ಹೇಗೆ ಕೊಲ್ಲೋದು ಅಂತ ಯೋಚಿಸುತ್ತಿದ್ದರಂತೆ, ಆ ಸಿಟ್ಟೇ ಈ ಪುಸ್ತಕ ಆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಅಮ್ಮನಿಗೆ ಈ ವಿಷಯ ಹೇಳಿದ್ದರಿಂದಲೇ ಇನ್ನೊಂದು ಅಭ್ಯಾಸ ಶುರುವಾಯಿತು. ಸಂಜೆ ಸೊಪ್ಪು ಬಿಡಿಸುವಾಗ ಅಷ್ಟರವರೆಗಿನ ಕಥೆಯನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳೋದು. ಹೇಳಲು ಹೋದಾಗಲೇ ನನಗೆ ಅರ್ಥವಾಗದೇ ಇದ್ದದ್ದು ಎಲ್ಲಿ ಅಂತ ಗೊತ್ತಾಗುತ್ತಿತ್ತು, ಆ ಪುಟಕ್ಕೆ ವಾಪಸ್ ಹೋಗುತ್ತಿದ್ದೆ. ಅಮ್ಮನಿಗೆ ಕೊಲೆಗಾರ ಯಾರಾದರೂ ಸರಿ. "ಆ ಹುಡುಗಿ ಇವತ್ತಾದರೂ ಸರಿಯಾಗಿ ಊಟ ಮಾಡಿದ್ಲಾ?" ಅಂತ ಕೇಳುತ್ತಿದ್ದಳು. ಕಿನ್ಸಿ ತಿನ್ನೋದು ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ, ನಡುವೆ ಸೌತೆಕಾಯಿಯ ಹುಳಿ-ಸಿಹಿ ಉಪ್ಪಿನಕಾಯಿ ಇಟ್ಟು. ಮನೆ ಮಾಲೀಕ ಹೆನ್ರಿ ಎಂಬತ್ತು ದಾಟಿದ ಅಜ್ಜ, ಮೊದಲು ಬೇಕರಿ ಕೆಲಸದಲ್ಲಿದ್ದವನು. ಅವನು ಬ್ರೆಡ್ ಮಾಡಿ ಇವಳನ್ನು ಕರೆದ ದಿನ ಅಮ್ಮನಿಗೆ ಸಮಾಧಾನ.

'ಟಿ ಈಸ್ ಫಾರ್ ಟ್ರೆಸ್‌ಪಾಸ್' ಮಾತ್ರ ಅಮ್ಮನಿಗೆ ಹೇಳಿ ಮುಗಿಸಲು ಆಗಲಿಲ್ಲ. ಪಕ್ಕದ ಮನೆಯ ಗಸ್ ಅನ್ನೋ ಮುದುಕ ಬೀಳುತ್ತಾನೆ, ನೋಡಿಕೊಳ್ಳಲು ಒಬ್ಬ ನರ್ಸ್ ಬರುತ್ತಾಳೆ, ಅವಳು ಬೇರೆಯವರ ಹೆಸರಿನಲ್ಲಿ ಬಂದವಳು. ನಮಗೆ ಇದು ಮೊದಲೇ ಗೊತ್ತು, ಯಾಕೆಂದರೆ ಲೇಖಕಿ ಅವಳ ಕಡೆಯಿಂದಲೂ ಕಥೆ ಹೇಳುತ್ತಾರೆ. ಕಿನ್ಸಿಗೆ ಗೊತ್ತಿಲ್ಲ. ನಮ್ಮ ದೊಡ್ಡಪ್ಪನನ್ನು ಕೊನೆಯ ಎರಡು ವರ್ಷ ನೋಡಿಕೊಂಡದ್ದು ಹೊರಗಿನವರೇ. ಅಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು "ಇದು ಸಾಕು, ಬೇರೆ ಹೇಳು" ಅಂದಳು. ಉಳಿದದ್ದನ್ನು ಒಬ್ಬಳೇ ಓದಿದೆ. 25ರಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ ಪುಸ್ತಕ ಅಂತ ನನ್ನ ಅನಿಸಿಕೆ.

ಗ್ರಾಫ್ಟನ್ 2017ರ ಡಿಸೆಂಬರ್ 28ರಂದು ತೀರಿಕೊಂಡರು. 'ಝೆಡ್'ಗೆ 'ಝೀರೋ' ಅನ್ನೋ ಹೆಸರು ಮಾತ್ರ ಇತ್ತು. ಬೇರೆ ಯಾರಿಂದಲೂ ಬರೆಸೋದಿಲ್ಲ, ವರ್ಣಮಾಲೆ 'ವೈ'ಗೆ ಮುಗಿಯಿತು ಅಂತ ಮನೆಯವರು ಹೇಳಿದರು. ಒಳ್ಳೇ ಕೆಲಸ ಮಾಡಿದರು.

ಈಗ 'ಎ'ಯಿಂದ ಎರಡನೇ ಸುತ್ತು, ಈ ಸಲ ಕ್ರಮ ತಪ್ಪದೆ. ಸದ್ಯ 'ಡಿ ಈಸ್ ಫಾರ್ ಡೆಡ್‌ಬೀಟ್'. ಒಬ್ಬ ಬಂದು 25,000 ಡಾಲರಿನ ಚೆಕ್ಕನ್ನು ಒಬ್ಬ ಹುಡುಗನಿಗೆ ತಲುಪಿಸು ಅಂತಾನೆ, ಕಿನ್ಸಿಗೆ ಕೊಟ್ಟ ಫೀಸಿನ ಚೆಕ್ ಮಾತ್ರ ಬೌನ್ಸ್ ಆಗುತ್ತದೆ. ನಿನ್ನೆ ಇಷ್ಟು ಹೇಳಿದ್ದಕ್ಕೇ ಅಮ್ಮ ದಂಟು ಮುರಿಯೋದು ನಿಲ್ಲಿಸಿ ಕೇಳಿದಳು: "ಹಾಗಾದರೆ ಈ ತಿಂಗಳು ಆ ಅಜ್ಜನಿಗೆ ಬಾಡಿಗೆ ಹೇಗೆ ಕೊಡ್ತಾಳೆ?"