ಶಾಲೆಯ ಪುಸ್ತಕದ ಕಪಾಟಿನಲ್ಲಿ ಎಲ್ಲ ಮಕ್ಕಳ ಮನೆಯೂ ಇರಲಿ

ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಬೇಕೆಂಬ ನೆನಪು ಬರುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಹಣ ವಾಪಸಾಗುವ ಮೊದಲು ರಸೀದಿ ತೋರಿಸಬೇಕೆಂಬ ಅವಸರದಲ್ಲಿ ಅಂಗಡಿಯವರು ಕಟ್ಟಿಕೊಟ್ಟ ಸೆಟ್ಟೇ ಕಪಾಟು ಸೇರುತ್ತದೆ. ಅದರಲ್ಲಿ ರಾಜ, ಮಂತ್ರಿ, ಜಾಣ ನರಿ, ದೇಶಭಕ್ತರ ಜೀವನಚರಿತ್ರೆ ಎಲ್ಲವೂ ಇರುತ್ತವೆ. ಎದುರಿಗೆ ಕುಳಿತ ಮಕ್ಕಳ ಮನೆಯಂಥ ಮನೆ, ಅವರ ಊಟದಂಥ ಊಟ, ಅವರ ಹೆಸರಿನಂಥ ಹೆಸರು ಇವೆಯೇ ಎಂದು ನೋಡಿದವರು ಕಡಿಮೆ. ಹಾಗೆ ನೋಡಿ ಕಪಾಟನ್ನು ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲ ಕೆಲಸ ಎಣಿಕೆ. ಒಂದು ಶನಿವಾರ ಮಧ್ಯಾಹ್ನ ಕಪಾಟನ್ನು ಬರಿದು ಮಾಡಿ, ಕಥೆಪುಸ್ತಕಗಳನ್ನಷ್ಟೇ ಬೇರೆ ತೆಗೆದು, ಪ್ರತಿಯೊಂದಕ್ಕೂ ಒಂದೊಂದು ಸಾಲು ಬರೆಯಿರಿ: ಮುಖ್ಯ ಪಾತ್ರ ಯಾರು, ಯಾವ ಊರಿನವರು, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಮನೆಯವರ ಕೆಲಸವೇನು, ಕಥೆಯ ತೊಡಕನ್ನು ಬಿಡಿಸುವವರು ಯಾರು. ಮಕ್ಕಳ ಪುಸ್ತಕಗಳಲ್ಲಿ ಯಾರು ಕಾಣಿಸುತ್ತಾರೆ ಎಂಬ ಚರ್ಚೆಗೆ ಅಮೆರಿಕದಲ್ಲಿ ಬಲ ಬಂದದ್ದೇ ಇಂಥ ಎಣಿಕೆಯಿಂದ. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ, ಹಿಂದಿನ ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳ ಪೈಕಿ ಕಪ್ಪು ಜನರು ಕಾಣಿಸಿಕೊಳ್ಳುವುದು 349ರಲ್ಲಿ ಮಾತ್ರ ಎಂದು ತೋರಿಸಿದರು. 1985ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು ಲೆಕ್ಕ ಹಾಕಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಬರೆದ ಅಥವಾ ಚಿತ್ರಿಸಿದ ಪುಸ್ತಕಗಳು 18 ಸಿಕ್ಕವು. ನಿಮ್ಮ ಕಪಾಟಿನ ಲೆಕ್ಕ ಇದಕ್ಕಿಂತ ಚೆನ್ನಾಗಿರಬಹುದು, ಇಲ್ಲದಿರಲೂಬಹುದು. ಎಣಿಸುವವರೆಗೆ ಅದು ಊಹೆಯಷ್ಟೇ.

ಎರಡನೆಯದಾಗಿ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಮಕ್ಕಳ ಮನೆಮಾತುಗಳ ಪಟ್ಟಿ ಮಾಡಿ. ಬೆಂಗಳೂರಿನ ಹೊರವಲಯದ ಶಾಲೆಯಾದರೆ ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಜೊತೆಗೆ ಬಿಹಾರ, ಒಡಿಶಾದ ಮಕ್ಕಳೂ ಇರಬಹುದು, ಯಲ್ಲಾಪುರ, ಹಳಿಯಾಳದ ಕಡೆಯಾದರೆ ಸಿದ್ದಿ ಮಕ್ಕಳು, ಹುಣಸೂರು, ಎಚ್.ಡಿ. ಕೋಟೆಯ ಕಡೆಯಾದರೆ ಜೇನುಕುರುಬರ ಮಕ್ಕಳು. ವಿಜಯಪುರದ ಕಡೆಯಾದರೆ ತಾಂಡಾಗಳಿಂದ ಬರುವವರು. ಭಾಷೆಯ ಹೆಸರಿನ ಜೊತೆಗೆ ಮನೆಯಲ್ಲಿ ತಂದೆತಾಯಿಯನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಇದು ತಿಳಿಯದ ಶಿಕ್ಷಕರು ಒಂದನೇ ತರಗತಿಯ ತುಳು ಮಗುವಿನ ಮಾತನ್ನು ತಪ್ಪೆಂದು ತಿದ್ದಿದರೆ, ಮಗು ಮರುದಿನದಿಂದ ಬಾಯಿ ಬಿಡುವುದನ್ನೇ ನಿಲ್ಲಿಸಬಹುದು.

ಈ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವ ಖಾಲಿ ಜಾಗಗಳೇ ನಿಮ್ಮ ಖರೀದಿ ಪಟ್ಟಿ. ಆದರೆ ತರಗತಿಯಲ್ಲಿರುವ ಸಮುದಾಯಗಳಿಗೆ ಮಾತ್ರ ಸಾಕೆಂದು ನಿಲ್ಲಿಸಬಾರದು. ರೂಡಿನ್ ಸಿಮ್ಸ್ ಬಿಷಪ್ ಎಂಬ ವಿದುಷಿ 1990ರ ತಮ್ಮ ಪ್ರಬಂಧದಲ್ಲಿ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ, ದಾಟಿ ಹೋಗಬಹುದಾದ ಗಾಜಿನ ಬಾಗಿಲಿಗೂ ಹೋಲಿಸಿದ್ದಾರೆ. ಪುಸ್ತಕದಲ್ಲಿ ತನ್ನ ಮುಖವನ್ನು ಎಂದೂ ಕಾಣದ ಮಗುವಿಗೆ ಆಗುವ ನಷ್ಟವನ್ನು ನಾವು ಬೇಗ ಊಹಿಸಬಲ್ಲೆವು. ಎಲ್ಲ ಪುಸ್ತಕಗಳಲ್ಲೂ ತನ್ನದೇ ಮುಖ ಕಾಣುವ ಮಗು ಜಗತ್ತೆಲ್ಲ ತನ್ನಂತೆಯೇ ಎಂದು ನಂಬಿ ಬೆಳೆಯುತ್ತದೆ ಎಂಬುದು ಅವರ ಎಚ್ಚರಿಕೆಯ ಇನ್ನೊಂದು ಅರ್ಧ. ಆದ್ದರಿಂದ ಮಂಡ್ಯದ ಹಳ್ಳಿಯ ಶಾಲೆಯಲ್ಲಿ ಒಬ್ಬ ಸಿದ್ದಿ ಹುಡುಗನೂ ಇಲ್ಲದಿದ್ದರೂ ಸಿದ್ದಿ ಹುಡುಗನ ಕಥೆ ಇರಬೇಕು.

ಆಯ್ಕೆಯೇ ಈ ಕೆಲಸದ ಅತ್ಯಂತ ಕಷ್ಟದ ಭಾಗ. ಇಲ್ಲಿ ಅವಸರ ಬೇಡ. ಪುಸ್ತಕವನ್ನು ಕೈಯಲ್ಲಿ ಹಿಡಿದು ಪೂರ್ತಿ ಓದದೆ ಕೊಳ್ಳಬೇಡಿ. ಕಾಡಿನ ಸಮುದಾಯದ ಮಗು ಕಥೆಗೆ ಬರುವುದು ಕುಣಿತಕ್ಕೆ ಮತ್ತು ಹಬ್ಬಕ್ಕೆ ಮಾತ್ರವೇ, ಅಥವಾ ಅದಕ್ಕೂ ಗಣಿತದ ಭಯ, ತಂಗಿಯೊಡನೆ ಜಗಳ, ಕಳೆದುಹೋದ ಚಪ್ಪಲಿ ಇವೆಯೇ ಎಂದು ನೋಡಿ. ಮುಸ್ಲಿಂ ಮನೆಯ ಕಥೆಗಳೆಲ್ಲ ರಂಜಾನಿನಲ್ಲೇ ನಡೆಯುತ್ತಿದ್ದರೆ, ಆ ಮನೆಯವರು ಉಳಿದ ಹನ್ನೊಂದು ತಿಂಗಳು ಎಲ್ಲಿ ಹೋದರು? ದಲಿತ ಕೇರಿಯ ಬಾಲಕಿಯ ಸಂಕಟವನ್ನು ಪ್ರತಿ ಸಲವೂ ಹೊರಗಿನಿಂದ ಬಂದ ದಯಾಳುವೊಬ್ಬರೇ ನೀಗಿಸುತ್ತಿದ್ದರೆ, ಸದುದ್ದೇಶದ ಆ ಪುಸ್ತಕವನ್ನು ಕೆಳಗಿಡುವುದೇ ಲೇಸು. ಚಿತ್ರಗಳನ್ನು ಬೇರೆಯಾಗಿ ಪರೀಕ್ಷಿಸಿ: ಒಳ್ಳೆಯವರೆಲ್ಲ ಬಿಳಿಬಣ್ಣದವರು, ಕಳ್ಳರೆಲ್ಲ ಕಪ್ಪಗಿನವರು ಆಗಿರುವ ಪುಸ್ತಕಗಳು ಇಂದಿಗೂ ಅಚ್ಚಾಗುತ್ತಿವೆ. ಬರೆದವರು ಆ ಸಮುದಾಯದವರೇ ಆಗಿರಬೇಕೆಂಬ ನಿಯಮವೇನಿಲ್ಲ, ಆದರೆ ಅಂಥವರು ಬರೆದದ್ದು ಸಿಕ್ಕಾಗ ಮೊದಲು ಅದನ್ನು ಕೊಳ್ಳಿ.

ಸಿಗುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಮಕ್ಕಳ ಪುಸ್ತಕಗಳನ್ನು ಕನ್ನಡದಲ್ಲಿ ತರುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕಥೆಗಳು ಮುಕ್ತ ಪರವಾನಗಿಯವು; ಬರೆದವರ, ಚಿತ್ರಿಸಿದವರ ಹೆಸರುಗಳನ್ನು ಉಲ್ಲೇಖಿಸಿ ಅವುಗಳನ್ನು ಮುದ್ರಿಸಿಕೊಳ್ಳಬಹುದು, ಮಕ್ಕಳ ಮನೆಮಾತಿಗೆ ಅನುವಾದಿಸಲೂಬಹುದು. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳಿಗೆ ರಾಜ್ಯದಲ್ಲಿ ಪ್ರತ್ಯೇಕ ಅಕಾಡೆಮಿಗಳಿವೆ. ಅವುಗಳ ಪ್ರಕಟಣೆಗಳನ್ನು ವಿಚಾರಿಸಿ.

ತಂದ ಪುಸ್ತಕಗಳನ್ನು ‘ಬುಡಕಟ್ಟು ಕಥೆಗಳು’ ಎಂಬ ಚೀಟಿ ಅಂಟಿಸಿ ಮೂಲೆಗೆ ಸೇರಿಸಬಾರದು. ನಗೆಯ ಕಥೆ ನಗೆಯ ಕಥೆಗಳ ಜೊತೆಗೆ, ಸಾಹಸದ್ದು ಸಾಹಸದ ಜೊತೆಗೆ ಇರಲಿ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು 1931ರಲ್ಲಿ ಎಸ್.ಆರ್. ರಂಗನಾಥನ್ ಹೇಳಿದ ಗ್ರಂಥಾಲಯ ಸೂತ್ರಗಳಲ್ಲಿ ಎರಡು. ಬೀಗ ಹಾಕಿದ ಕಪಾಟಿನಲ್ಲಿ ಎರಡೂ ಸಾಯುತ್ತವೆ. ಹರಿದ ಪುಸ್ತಕದ ಬೆಲೆಯನ್ನು ತಾವೇ ಕಟ್ಟಬೇಕಾದೀತೆಂಬ ಶಿಕ್ಷಕರ ಹೆದರಿಕೆ ಸುಳ್ಳಲ್ಲ; ಅದಕ್ಕೆ ಪರಿಹಾರವೆಂದರೆ, ಓದಿ ಸವೆದ ಪುಸ್ತಕಗಳನ್ನು ದಾಸ್ತಾನಿನಿಂದ ತೆಗೆಯುವ ಕ್ರಮವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲೇ ಚರ್ಚಿಸಿ ಠರಾವು ಬರೆದಿಡುವುದು.

ಗಟ್ಟಿಯಾಗಿ ಓದಿ ಹೇಳುವಾಗ ಒಂದು ತಪ್ಪನ್ನು ತಪ್ಪಿಸಿ. ಅದನ್ನು ನಾನೇ ಮಾಡಿದ್ದೇನೆ. ಐದನೇ ತರಗತಿಯಲ್ಲಿ ತಾಂಡಾದ ಕಥೆಯೊಂದನ್ನು ಎತ್ತಿಕೊಂಡು, ‘ಇದು ನಿಮ್ಮವರ ಕಥೆ, ನೀನೇ ಓದಮ್ಮ’ ಎಂದು ಒಬ್ಬ ಹುಡುಗಿಯತ್ತ ಪುಸ್ತಕ ಚಾಚಿದೆ. ಇಡೀ ತರಗತಿ ಅವಳತ್ತ ತಿರುಗಿತು, ಅವಳು ತಲೆ ತಗ್ಗಿಸಿದಳು. ಮುಂದಿನ ವಾರ ಅದೇ ಪುಸ್ತಕವನ್ನು ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಓದಿದಾಗ, ಚಿತ್ರದಲ್ಲಿನ ಕನ್ನಡಿ ಕಸೂತಿಯಲ್ಲಿ ತಪ್ಪಿದೆ ಎಂದು ತಾನಾಗಿಯೇ ಎದ್ದು ನಿಂತು ಹೇಳಿದವಳು ಅವಳೇ.

ಎಷ್ಟು ಹುಡುಕಿದರೂ ಕೆಲವು ಜಾಗಗಳು ಖಾಲಿ ಉಳಿಯುತ್ತವೆ. ಅವನ್ನು ಶಾಲೆಯಲ್ಲೇ ತುಂಬಿ. ನಾಲ್ಕು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ದಾರದಿಂದ ಹೊಲಿದರೆ ಹದಿನಾರು ಪುಟಗಳ ಪುಸ್ತಕವಾಗುತ್ತದೆ. ಅಜ್ಜಿ ಹೇಳಿದ ಕಥೆಯನ್ನು ಮಗು ಎಡಪುಟದಲ್ಲಿ ಮನೆಮಾತಿನಲ್ಲಿ, ಕನ್ನಡ ಲಿಪಿಯಲ್ಲೇ ಬರೆಯಲಿ, ಬಲಪುಟದಲ್ಲಿ ಕನ್ನಡ ಬರಲಿ, ಚಿತ್ರ ಗೆಳೆಯರದ್ದಾಗಲಿ. ಹೇಳಿದವರ ಒಪ್ಪಿಗೆ ಪಡೆಯುವುದನ್ನು ಮರೆಯಬೇಡಿ, ಏಕೆಂದರೆ ಪೂಜೆಗೆ ಸೇರಿದ ಕೆಲವು ಕಥೆಗಳನ್ನು ಹೊರಗೆ ಹೇಳಲು ಹಿರಿಯರು ಇಷ್ಟಪಡದಿರಬಹುದು. ರಕ್ಷಾಪುಟದ ಮೇಲೆ ಅಜ್ಜಿಯ ಹೆಸರು ಬರೆಯಿಸಿ, ಕೊಂಡು ತಂದ ಪುಸ್ತಕಗಳಂತೆಯೇ ಕ್ರಮಸಂಖ್ಯೆ ಕೊಟ್ಟು ದಾಸ್ತಾನು ವಹಿಯಲ್ಲಿ ನಮೂದಿಸಿ, ಬೆಲೆಯ ಅಂಕಣದಲ್ಲಿ ಹಾಳೆ ಮತ್ತು ದಾರದ ವೆಚ್ಚವನ್ನು ಬರೆಯಿರಿ.