ಲಿನಕ್ಸ್, ಮ್ಯಾಕ್, ವಿಂಡೋಸ್‌ಗಳಲ್ಲಿ ಫೈಲ್ ಲಾಕ್: ನಾನು ಮಾಡುವ ಕ್ರಮ

ಒಂದೇ ಫೈಲಿಗೆ ಎರಡು ಪ್ರೋಗ್ರಾಂಗಳು ಒಟ್ಟಿಗೆ ಕೈಹಾಕದಂತೆ ತಡೆಯುವುದೇ ಫೈಲ್ ಲಾಕ್. ಪೈಥಾನ್‌ನಲ್ಲಿ ಬರೆಯುವಾಗ ನಾನು ಡೇಟಾ ಫೈಲಿಗೇ ಲಾಕ್ ಹಾಕುವುದಿಲ್ಲ. ಪಕ್ಕದಲ್ಲಿ ಬೇರೊಂದು ಲಾಕ್ ಫೈಲ್ ಇಡುತ್ತೇನೆ. ಹೊಸ ಡೇಟಾವನ್ನು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರ ಹೆಸರಿಗೆ ಬದಲಿಸಿದಾಗ ಐನೋಡ್ (ಹೆಸರಿನ ಹಿಂದೆ ಫೈಲಿಗಿರುವ ಒಳಗುರುತು) ಬೇರೆಯಾಗುತ್ತದೆ. ಹಳೆಯ ಐನೋಡಿನ ಮೇಲೆ ಉಳಿದ ಲಾಕ್, ಆಮೇಲೆ ಬಂದವರನ್ನು ತಡೆಯುವುದಿಲ್ಲ.

ಲಿನಕ್ಸ್, ಮ್ಯಾಕ್‌ಗಳಲ್ಲಿ ನನ್ನ ಆಯ್ಕೆ ಎಫ್‌ಲಾಕ್ ಎಂಬ ಕರೆ. ಇನ್ನೊಂದು ದಾರಿಯಾದ, ಪೋಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡ) ಹೇಳುವ ಎಫ್‌ಸಿಎನ್‌ಟಿಎಲ್ ಲಾಕ್ ಇಡೀ ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ, ಸೇರಿದ್ದು. ಅದೇ ಪ್ರೋಸೆಸ್‌ನಲ್ಲಿ ಯಾವುದೋ ಲೈಬ್ರರಿ ಆ ಫೈಲನ್ನು ಇನ್ನೊಮ್ಮೆ ತೆರೆದು ಮುಚ್ಚಿದರೆ ಸಾಕು, ಲಾಕ್ ಪೂರ್ತಿ ಬಿಟ್ಟುಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ಇಷ್ಟು ಅಪಾಯದ ನಡವಳಿಕೆ ಇನ್ನೊಂದಿಲ್ಲ. ಪೈಥಾನ್‌ನ ‘ಲಾಕ್‌ಎಫ್’ ಒಳಗಿರುವುದೂ ಇದೇ. ಹೆಸರು ನೋಡಿ ಮೋಸಹೋಗಬೇಡಿ. ಎಫ್‌ಲಾಕ್‌ಗೂ ಒಂದು ತೊಡಕಿದೆ: ಫೋರ್ಕ್ ಆದ, ಅಂದರೆ ತಾಯಿ ಪ್ರೋಸೆಸ್‌ನ ನಕಲಾಗಿ ಹುಟ್ಟಿದ, ಮಗು ಪ್ರೋಸೆಸ್ ಅದೇ ಲಾಕನ್ನು ಹಿಡಿದಿರುತ್ತದೆ. ತಾಯಿ ಬರೀ ಫೈಲ್ ಮುಚ್ಚಿದರೆ ಬಿಡುಗಡೆಯಾಗದು, ಅನ್‌ಲಾಕ್ ಕರೆಯನ್ನೇ ಕೊಡಬೇಕು.

ವಿಂಡೋಸ್‌ನಲ್ಲಿ ಎಂಎಸ್‌ವಿಸಿಆರ್‌ಟಿ ಮಾಡ್ಯೂಲಿನ ‘ಲಾಕಿಂಗ್’ ಬಳಸಿ 1 ಬೈಟ್ ಹಿಡಿಯುತ್ತೇನೆ. ಅದು ಫೈಲಿನ ಈಗಿನ ಸ್ಥಾನದಿಂದ ಎಣಿಸುತ್ತದೆ. ಹಾಗಾಗಿ ಹಾಕುವಾಗಲೂ ಬಿಡುವಾಗಲೂ ಅದೇ ಸ್ಥಾನಕ್ಕೆ ಸೀಕ್ ಮಾಡಲೇಬೇಕು. ಇಲ್ಲಿ ಲಾಕ್ ಕಡ್ಡಾಯ ಸ್ವರೂಪದ್ದು: ಮೊದಲ ಬೈಟ್ ಹಿಡಿದರೆ, ಫೈಲಿನಲ್ಲಿ ಬರೆದಿಟ್ಟ ಪ್ರೋಸೆಸ್ ಸಂಖ್ಯೆಯನ್ನು ಬೇರೆಯವರು ಓದಲೂ ಆಗದು. ಫೈಲಿನ ಕೊನೆ ದಾಟಿದ ಬೈಟಿಗೂ ಲಾಕ್ ಹಾಕಬಹುದು, ಅದನ್ನೇ ಮಾಡಿ. ಎಸ್‌ಕ್ಯೂಲೈಟ್ ಡೇಟಾಬೇಸ್ ತನ್ನ ಲಾಕ್ ಬೈಟ್‌ಗಳನ್ನು 1 ಜಿಬಿ ಗಡಿಯಲ್ಲಿ ಇಟ್ಟಿರುವುದು ಈ ಕಾರಣಕ್ಕೇ.

ವಿಂಡೋಸ್‌ನ ಆ ‘ಲಾಕಿಂಗ್’ನ ಕಾಯುವ ವಿಧಾನ ಸೆಕೆಂಡಿಗೊಂದರಂತೆ 10 ಸಲ ಪ್ರಯತ್ನಿಸಿ ಸೋಲೊಪ್ಪುತ್ತದೆ. ಎಫ್‌ಲಾಕ್ ಆದರೋ ಕೊನೆಯಿಲ್ಲದೆ ಕಾಯುತ್ತದೆ. ಈ ವ್ಯತ್ಯಾಸವೇ ಬೇಡವೆಂದು ಎಲ್ಲ ಕಡೆ ಕಾಯದ ವಿಧಾನವನ್ನೇ ಕರೆದು, 0.1 ಸೆಕೆಂಡಿಗೊಮ್ಮೆ ಮತ್ತೆ ಯತ್ನಿಸುವ ಲೂಪ್ ಹಾಕುತ್ತೇನೆ, ಗಡುವು 30 ಸೆಕೆಂಡ್. ಫೈಲ್ ತೆರೆಯುವ ಸಾಲು ಈ ಲೂಪಿನ ಹೊರಗಿರಲಿ. ವಿಂಡೋಸ್‌ನಲ್ಲಿ ಲಾಕ್ ಸಿಗದಿದ್ದರೂ, ಫೋಲ್ಡರಿಗೆ ಅನುಮತಿಯಿಲ್ಲದಿದ್ದರೂ ಬರುವುದು ಒಂದೇ ಪರ್ಮಿಷನ್ ಎರರ್. ಒಳಗಿಟ್ಟರೆ ಎಂದೂ ಸಿಗದ ಲಾಕಿಗೆ ಸುಮ್ಮನೆ ಕಾಯುತ್ತೀರಿ. ತೆರೆಯುವಾಗ ‘ಡಬ್ಲ್ಯು’ ಮೋಡ್ ಬೇಡ, ಲಾಕ್ ಸಿಗುವ ಮೊದಲೇ ಒಳಗಿದ್ದದ್ದನ್ನು ಅಳಿಸಿಬಿಡುತ್ತದೆ.

ಕೆಲಸ ಮುಗಿದ ಮೇಲೆ ಲಾಕ್ ಫೈಲನ್ನು ಅಳಿಸುವುದಿಲ್ಲ. ಅಳಿಸಿದರೆ, ಕಾಯುತ್ತಿದ್ದವನಿಗೆ ಹಳೆಯ ಐನೋಡ್, ಹೊಸದಾಗಿ ಬಂದವನಿಗೆ ಹೊಸ ಐನೋಡ್. ಇಬ್ಬರಿಗೂ ಲಾಕ್ ಸಿಕ್ಕಿಬಿಡುತ್ತದೆ.

ಪರೀಕ್ಷೆಗೆ ಎರಡು ಪ್ರೋಸೆಸ್ ಓಡಿಸಿ, ಲಾಕ್ ಹಿಡಿದದ್ದನ್ನು ಬಲವಂತವಾಗಿ ಕೊಲ್ಲಿ. ಲಿನಕ್ಸ್‌ನಲ್ಲಿ ಕರ್ನಲ್ಲೇ ಲಾಕ್ ಬಿಡಿಸುತ್ತದೆ. ವಿಂಡೋಸ್ ಕೂಡ ಬಿಡಿಸುತ್ತದೆ, ಆದರೆ ತಕ್ಷಣವೇ ಎಂಬ ಖಾತ್ರಿಯಿಲ್ಲ. ಗಡುವನ್ನು ಒಂದೆರಡು ಸೆಕೆಂಡಿಗೆ ಇಳಿಸದೆ ಇರುವುದು ಇದಕ್ಕೇ.