ಎರಡು ಪರ್ಸೆಂಟ್ ಅಂದರೆ ಎಷ್ಟು?

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಗಳಲ್ಲಿ ರೇಷ್ಮೆ ಬೆಳೆಗಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಂದರೆ ಜನರ ಮುಂದೆ ನಿಂತು ಮಾತಾಡುವುದು. ಮೊದಲ ವರ್ಷ ನಾನು ಚೆನ್ನಾಗಿ ಮಾತಾಡುತ್ತೇನೆ ಅಂತಲೇ ನಂಬಿದ್ದೆ. ತಡವರಿಸುತ್ತಿರಲಿಲ್ಲ, ಚೀಟಿ ನೋಡುತ್ತಿರಲಿಲ್ಲ. ಕೊನೆಗೆ ಚಪ್ಪಾಳೆಯೂ ಬೀಳುತ್ತಿತ್ತು.

ಒಂದು ಸಭೆಯಲ್ಲಿ ಹುಳು ಮನೆ ಶುಚಿ ಮಾಡುವ ವಿಷಯ ಹೇಳಿದೆ. "ಶೇಕಡ 2ರ ಬ್ಲೀಚಿಂಗ್ ಪೌಡರ್ ದ್ರಾವಣ, ಅದರಲ್ಲಿ ಶೇಕಡ 0.3 ಸುಣ್ಣ. ಇದರಿಂದ ಸೋಂಕು ನಿವಾರಣೆ ಮಾಡಿಕೊಳ್ಳಿ." ಎಲ್ಲರೂ ತಲೆಯಾಡಿಸಿದರು.

ಮುಂದಿನ ಬೆಳೆಯಲ್ಲಿ ಅದೇ ಊರಿನ ಒಬ್ಬ ಅಕ್ಕನ ಮನೆಗೆ ಹೋದೆ. ಎಲ್ಲಿ ನೋಡಿದರೂ ಹಾಲುತೊಂಡೆ ರೋಗ. ಹುಳು ಊದಿಕೊಂಡು ಹಳದಿಯಾಗಿತ್ತು. ಬೆರಳು ತಾಗಿದರೆ ಸಾಕು, ಹಾಲಿನಂಥ ನೀರು ಒಸರುತ್ತಿತ್ತು.

"ಔಷಧಿ ಹೊಡೆದಿದ್ರಾ ಅಕ್ಕಾ?"

"ಹೊಡ್ದೆ ಸಾರ್, ನೀವು ಹೇಳ್ದಂಗೇ. ಡ್ರಮ್ಮಿಗೆ ಎರಡು ಲೋಟ."

200 ಲೀಟರ್ ಡ್ರಮ್ಮಿಗೆ 4 ಕೆಜಿ ಬೇಕಿತ್ತು. ನಾನು ಎರಡು ಅಂದಿದ್ದೆ, ಆಕೆಗೂ ಎರಡು ಅಂತಲೇ ಕೇಳಿಸಿತ್ತು. ರೋಗಕ್ಕೆ ಅದೊಂದೇ ಕಾರಣ ಅನ್ನಲಾರೆ. ಸೊಪ್ಪು, ಶಾಖ, ಗಾಳಿ ಎಲ್ಲಾ ಸೇರುತ್ತವೆ. ಆದರೆ ಚಾಕಿ ಹುಳುವಿಗೆ (ಅಂದರೆ ಮರಿ ಹುಳುವಿಗೆ), ಕೂಲಿಗೆ ಆಕೆ ಹಾಕಿದ ದುಡ್ಡು ಹೋಗಿತ್ತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ಬಕೆಟ್ ಮತ್ತು ತಕ್ಕಡಿ ತೆಗೆದುಕೊಂಡು ಹೋಗಲು ಶುರು ಮಾಡಿದೆ. 10 ಲೀಟರ್ ನೀರು, 200 ಗ್ರಾಂ ಬ್ಲೀಚಿಂಗ್, 30 ಗ್ರಾಂ ಸುಣ್ಣ. ಬೆಳೆಗಾರರೇ ತೂಗಿ ಕಲಸಬೇಕು. ಡ್ರಮ್ಮಿಗೆ ಎಷ್ಟಾಗುತ್ತೆ ಅಂತ ಅವರೇ ಲೆಕ್ಕ ಹಾಕಬೇಕು. "ಅರ್ಥ ಆಯ್ತಾ?" ಅಂತ ಕೇಳುವುದನ್ನು ಪೂರ್ತಿ ಬಿಟ್ಟೆ. ಹತ್ತು ಜನರ ಮುಂದೆ ಆಗಲಿಲ್ಲ ಅಂತ ಯಾರು ಹೇಳುತ್ತಾರೆ, ಅಲ್ವಾ? ಅದರ ಬದಲು, ತಡವಾಗಿ ಬಂದವರನ್ನು ಕರೆದು, "ಇವರಿಗೆ ನೀವೇ ಹೇಳಿಕೊಡಿ" ಅಂತ ಮುಂದೆ ಕೂತವರಿಗೆ ಹೇಳುತ್ತೇನೆ. ಅವರ ಬಾಯಲ್ಲಿ ಅದು ಹೇಗೆ ಬರುತ್ತದೆ ಅಂತ ಸುಮ್ನೆ ಕೇಳುತ್ತೇನೆ. ನಾನು ಎಲ್ಲಿ ತಪ್ಪಿ ಹೇಳಿದ್ದೇನೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಒಮ್ಮೆ ಹೀಗೆ ಹೇಳುವಾಗ ಒಬ್ಬರು, "ಮನೇಲಿ ಹೋದ ವರ್ಷದ ಚೀಲ ಇದೆ, ಅದನ್ನೇ ಹಾಕು" ಅಂದರು. ಬಾಯಿ ತೆರೆದಿಟ್ಟ ಚೀಲದಲ್ಲಿ ಕ್ಲೋರಿನ್ ಹೋಗಿಬಿಡುತ್ತದೆ, ಪುಡಿಯಲ್ಲಿ ಅದು ಶೇಕಡ 30 ಆದರೂ ಇರಬೇಕು. ಅಷ್ಟು ದಿನ ನಾನು ಆ ಮಾತನ್ನೇ ಎತ್ತಿರಲಿಲ್ಲ.

ಮಾತಿನ ಕಲೆ ಕಲಿಸುವವರು ಒಂದು ಲೆಕ್ಕ ಹೇಳುತ್ತಾರೆ: ಪದಕ್ಕೆ ಬರೀ ಶೇಕಡ 7 ಬೆಲೆ, ಉಳಿದದ್ದು ದನಿ ಮತ್ತು ಮುಖಭಾವ ಅಂತ. ಅದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಹೇಳುವವರಿಗೆ ನಾವು ಇಷ್ಟವಾ, ಇಷ್ಟವಿಲ್ಲವಾ ಅಂತ ಕೇಳುಗರು ಹೇಗೆ ಊಹಿಸುತ್ತಾರೆ ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಮಾತಿಗೂ ಅದನ್ನು ಅಂಟಿಸಬಾರದು. 4 ಕೆಜಿ ಅನ್ನೋದನ್ನ ಕೈ ಬೀಸಿ ಹೇಳೋಕಾಗಲ್ಲ. ಪದ ಸರಿಯಾಗಿರಲೇಬೇಕು.

ಆ ಪದಗಳೂ ಅವರವೇ ಆಗಿರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ. ಮುಖ್ಯವಾದ ಅಳತೆಯನ್ನು ಎರಡೂ ಭಾಷೆಯಲ್ಲಿ ಹೇಳುತ್ತೇನೆ. ಹಿಂದೆ ಕೂತ ಅಜ್ಜಿಯರು ಆಗ ತಲೆ ಎತ್ತುತ್ತಾರೆ.

ಮೊನ್ನೆ ಹುಳುವಿನ ಹಾಸಿಗೆ ಮೇಲೆ ಸುಣ್ಣ ಧೂಳಿಸುವ ಬಗ್ಗೆ ಹೇಳುತ್ತಾ ಬಾಯಿ ತಪ್ಪಿ "ಪೊರೆ ಬಿಡುವ ಹಂತದಲ್ಲಿ" ಅಂದೆ. ಬೆಳೆಗಾರರು ಅದಕ್ಕೆ ಜ್ವರ ಅಂತಾರೆ. ಮುಂದಿನ ಸಾಲಲ್ಲಿ ಅದೇ ಅಕ್ಕ ಕೂತಿದ್ದರು. ಹಿಂದಕ್ಕೆ ತಿರುಗಿ ಗಟ್ಟಿಯಾಗಿ ಹೇಳಿದರು: "ಹುಳ ಜ್ವರಕ್ಕೆ ಕೂತಾಗ ಕಣ್ರಮ್ಮಾ, ಹಾಸಿಗೆ ಒಣಗಲಿ ಅಂತ." ನಾನು ಬಕೆಟ್ ಅವರ ಮುಂದಿಟ್ಟು ಪಕ್ಕಕ್ಕೆ ಸರಿದು ಕೂತೆ.